ತಂಪಿನ ಯಂತ್ರಕ್ಕೆ ತೆರುವ ವಾರ್ಷಿಕ ಕಾಣಿಕೆ

ಆನೆಯನ್ನು ಕೊಳ್ಳುವವನು ಅದರ ಮೇವಿನ ಲೆಕ್ಕವನ್ನೂ ಮೊದಲೇ ಹಾಕಿರಬೇಕು. ಆದರೆ ನಮ್ಮ ಪಟ್ಟಣಿಗರಲ್ಲಿ ಅನೇಕರು ಮನೆಗೆ ಏಸಿ ಯಂತ್ರವನ್ನು ತರುವಾಗ ಅದರ ಬೆಲೆಯನ್ನು ಹತ್ತು ಅಂಗಡಿಗಳಲ್ಲಿ ವಿಚಾರಿಸುತ್ತಾರೆಯೇ ಹೊರತು, ಅದನ್ನು ಸುಸ್ಥಿತಿಯಲ್ಲಿಡಲು ವರ್ಷವರ್ಷವೂ ತಗಲುವ ವೆಚ್ಚವೆಷ್ಟೆಂಬದನ್ನು ಒಂದು ಕಡೆಯಲ್ಲಿಯೂ ಕೇಳುವದಿಲ್ಲ. ಕೊಂಡ ಮರುವರ್ಷದ ಬೇಸಗೆಯಲ್ಲಿ ಈ ಲೆಕ್ಕವು ತಾನಾಗಿ ಮನೆಬಾಗಿಲಿಗೆ ಬರುವದು. ಆಗ ವಿಚಾರಿಸಲು ವ್ಯವಧಾನವೂ ಇರುವದಿಲ್ಲ, ಆಯ್ಕೆಯೂ ಇರುವದಿಲ್ಲ.

ಇದು ಸಿರಿವಂತರ ಭೋಗದ ಮಾತು, ಇದಕ್ಕೆ ಪತ್ರಿಕೆಯ ಅಂಕಣವೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಒಂದು ಕಾಲಕ್ಕೆ ಆ ಆಕ್ಷೇಪವು ಸರಿಯಾಗಿಯೇ ಇದ್ದಿತು. ಈಗ ಇಲ್ಲ. ಕಲಬುರ್ಗಿ, ರಾಯಚೂರುಗಳಲ್ಲಿ ಬೇಸಗೆಯ ಉಷ್ಣವು 40 ಡಿಗ್ರಿಯನ್ನು ದಾಟುವದು ವಾಡಿಕೆಯಾಗಿದೆ. ಆ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಗಿನ ಹೊತ್ತಿಗೆ ಬದಲಿಸಬೇಕಾಗಿ ಬಂದಿರುವದು ನಮ್ಮ ಅಧಿಕಾರಿ ವಾಚಕರಿಗೆ ತಿಳಿದ ಸಂಗತಿಯೇ. ವೃದ್ಧರು, ಕೂಸುಗಳು, ರೋಗಿಗಳಿರುವ ಮನೆಯಲ್ಲಿ ಒಂದು ಕೋಣೆಯನ್ನಾದರೂ ತಂಪಾಗಿಡಬೇಕೆಂಬದು ಭೋಗಲಾಲಸೆಯಲ್ಲ. 2025ರ ಸೆಪ್ಟೆಂಬರ್ 22ರಿಂದ ಕೇಂದ್ರ ಸರಕಾರವು ಈ ಯಂತ್ರದ ಮೇಲಿನ ಜಿಎಸ್‌ಟಿಯನ್ನು ನೂರಕ್ಕೆ 28ರಿಂದ 18ಕ್ಕೆ ಇಳಿಸಿತು. ಅಂದರೆ ಗುಮಾಸ್ತನ ಮನೆಗೂ ಈ ಯಂತ್ರವು ಬರಲೆಂಬದೇ ಸರಕಾರದ ಇಂಗಿತವಾಯಿತು. ಬಂದ ಮೇಲೆ ಅದನ್ನು ಸಾಕುವ ಬಗೆಯನ್ನು ಕುರಿತು ಯಾರೂ ಚಿಂತಿಸಿದಂತೆ ಕಾಣುವದಿಲ್ಲ.

ಮೊದಲು ಯಂತ್ರದ ಸ್ವರೂಪವನ್ನು ನೋಡೋಣ. ಏಸಿಯು ತಂಪನ್ನು ಸೃಷ್ಟಿಸುವದಿಲ್ಲ. ಕೋಣೆಯೊಳಗಿನ ಕಾವನ್ನು ಹೊತ್ತು ಹೊರಗೆ ಚೆಲ್ಲುವದಷ್ಟೇ ಅದರ ಕೆಲಸ. ಆ ಕಾವನ್ನು ಹೊರುವ ಆಳು ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ಕೊಳವೆಗಳಲ್ಲಿ ಸುತ್ತುವ ಗ್ಯಾಸು. ಆ ಆಳನ್ನು ಓಡಿಸುವದು ಕಂಪ್ರೆಸರು. ಒಳಗಿನ ಜಾಲರಿಗೆ ಧೂಳು ಮೆತ್ತಿಕೊಂಡರೆ ಗಾಳಿಯ ಸಂಚಾರವು ಕುಗ್ಗುವದು. ಹೊರಗಿನ ಪೆಟ್ಟಿಗೆಯು ಕೊಳೆಯಿಂದ ತುಂಬಿದರೆ ಕಾವು ಹೊರಬೀಳದು. ಆಗ ಕಂಪ್ರೆಸರು ಅಷ್ಟೇ ತಂಪಿಗಾಗಿ ಹೆಚ್ಚು ಹೊತ್ತು ದುಡಿಯಬೇಕಾಗುವದು, ವಿದ್ಯುತ್ತಿನ ಮೀಟರು ಓಡುವದು. ಕೊಳಕು ಜಾಲರಿಯನ್ನು ಬದಲಿಸಿದರೆ ಇಲ್ಲವೆ ಶುಚಿಗೊಳಿಸಿದರೆ ಯಂತ್ರದ ವಿದ್ಯುತ್ತಿನಲ್ಲಿ ನೂರಕ್ಕೆ 5ರಿಂದ 15ರವರೆಗೆ ಉಳಿಯಬಹುದೆಂದು ಅಮೇರಿಕೆಯ ಇಂಧನ ಇಲಾಖೆಯು ಹೇಳಿರುವದು. ಕರಾವಳಿಯ ಉಪ್ಪುಗಾಳಿಯಲ್ಲಿ ಹೊರಪೆಟ್ಟಿಗೆಯು ಬೇಗನೆ ಸವೆಯುವದರಿಂದ ಅಲ್ಲಿ ಲಕ್ಷ್ಯವು ಇನ್ನೂ ಹೆಚ್ಚಾಗಿ ಬೇಕು.

ಈಗ ಹಣದ ಲೆಕ್ಕ. ನಮ್ಮ ಪಟ್ಟಣಗಳಲ್ಲಿ ಒಂದು ಸಾಧಾರಣ ಸರ್ವಿಸಿಗೆ ಸುಮಾರು 500ರಿಂದ 800 ರೂಪಾಯಿಗಳು ತಗಲುವವು. ಒಂದೂವರೆ ಟನ್ನಿನ ಯಂತ್ರವು ದಿನಕ್ಕೆ 10 ಯೂನಿಟ್ಟುಗಳಂತೆ 90 ದಿನ ಓಡಿದರೆ 900 ಯೂನಿಟ್ಟುಗಳಾದವು. ಯೂನಿಟ್ಟಿಗೆ 6 ರೂಪಾಯಿಗಳೆಂದು ಹಿಡಿದರೆ 5,400 ರೂಪಾಯಿ. ಧೂಳಿನ ದೆಸೆಯಿಂದ ನೂರಕ್ಕೆ 10ರಷ್ಟು ಹೆಚ್ಚಾಗಿ ಖರ್ಚಾದರೆ ಅದೇ 540 ರೂಪಾಯಿ. ಅಂದಮೇಲೆ ಒಂದು ಪ್ರಾಮಾಣಿಕ ಸರ್ವಿಸು ತನ್ನ ಬೆಲೆಯನ್ನು ಹೆಚ್ಚು ಕಡಿಮೆ ತಾನೇ ದುಡಿದುಕೊಳ್ಳುವದು. ಗೃಹಜ್ಯೋತಿಯ ಫಲಾನುಭವಿಗಳಿಗಂತೂ ಈ ಲೆಕ್ಕವು ಇನ್ನೂ ಮುಖ್ಯ. 2023ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟು ಮೀರಿದರೆ ಇಡೀ ಬಿಲ್ಲನ್ನು ತೆರಬೇಕು. ರಾತ್ರಿ ಮಾತ್ರ ಏಸಿ ಹಾಕುವ ಮನೆಯೊಂದರಲ್ಲಿ ಅದಕ್ಕೆ 150, ಉಳಿದುದಕ್ಕೆ 45 ಯೂನಿಟ್ಟು ಖರ್ಚಾದರೆ ಒಟ್ಟು 195. ಮಿತಿಯ ಒಳಗೇ ಇದೆ. ಕೊಳಕಿನಿಂದ ಏಸಿಯ ಪಾಲು 15 ಯೂನಿಟ್ಟು ಏರಿತೆಂದರೆ 210. ರಿಯಾಯಿತಿಯು ಪೂರ್ತಿಯಾಗಿ ಹೋಯಿತು!

ಇಷ್ಟರವರೆಗೆ ಹೇಳಿದ್ದು ನ್ಯಾಯವಾದ ವೆಚ್ಚ. ನಮ್ಮ ದೂರು ಇರುವದು ಅನ್ಯಾಯದ ವೆಚ್ಚವನ್ನು ಕುರಿತು. “ಗ್ಯಾಸು ತೀರಿದೆ, ತುಂಬಿಸಬೇಕು” ಎಂಬ ಮಾತನ್ನು ಕೇಳದ ಏಸಿ ಗೃಹಸ್ಥನು ವಿರಳ. ಈ ಒಂದು ಮಾತಿನಿಂದ 600ರ ಬಿಲ್ಲು 3,000ವನ್ನು ಮುಟ್ಟುವದು. ಆದರೆ ಗ್ಯಾಸೆಂಬದು ಮೋಟಾರಿನ ಪೆಟ್ರೋಲಿನಂತೆ ಉರಿದು ತೀರುವ ಪದಾರ್ಥವಲ್ಲ. ಮುಚ್ಚಿದ ಕೊಳವೆಯಲ್ಲಿ ಅದು ವರ್ಷಗಟ್ಟಲೆ ಸುತ್ತುತ್ತಲೇ ಇರತಕ್ಕದ್ದು. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆಯೆಂದೇ ಅರ್ಥ. ಸೋರಿಕೆಯನ್ನು ಹುಡುಕಿ, ಬೆಸುಗೆ ಹಾಕಿ, ಕೊಳವೆಯೊಳಗಿನ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಹೊರಗೆಳೆದು, ಆ ಬಳಿಕ ಯಂತ್ರದ ಮೇಲೆ ಬರೆದಿರುವಷ್ಟೇ ತೂಕದ ಗ್ಯಾಸನ್ನು ತುಂಬುವದು ಶಾಸ್ತ್ರೋಕ್ತ ಕ್ರಮ. ಸೋರಿಕೆಯನ್ನು ಮುಚ್ಚದೆ ಗ್ಯಾಸು ತುಂಬುವದೆಂದರೆ ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಗೃಹಸ್ಥನು ಮುಂದಿನ ಬೇಸಗೆಗೆ ಅದೇ ಹಣವನ್ನು ಮತ್ತೊಮ್ಮೆ ತೆರುವನು.

ಇದು ಗೃಹಸ್ಥನ ಚೀಲಕ್ಕೆ ಮಾತ್ರ ಸಂಬಂಧಿಸಿದ ನಷ್ಟವಲ್ಲ. ಇಂದಿನ ಯಂತ್ರಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಆರ್-32 ಎಂಬ ಗ್ಯಾಸು, ಅಷ್ಟೇ ತೂಕದ ಇಂಗಾಲಾಮ್ಲಕ್ಕಿಂತ ಸುಮಾರು 675 ಪಟ್ಟು ಭೂಮಿಯನ್ನು ಕಾಯಿಸತಕ್ಕದ್ದು. ಆರ್-410ಎ ಎರಡು ಸಾವಿರ ಪಟ್ಟಿಗೂ ಮೇಲು. ಈ ಜಾತಿಯ ಗ್ಯಾಸುಗಳನ್ನು ತಗ್ಗಿಸುವದಕ್ಕಾಗಿ 2016ರಲ್ಲಿ ಆದ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅಂಗೀಕರಿಸಿತು. ಅದರಂತೆ 2032ರಿಂದ ಹಂತಹಂತವಾಗಿ ಬಳಕೆಯನ್ನು ಇಳಿಸಿ 2047ಕ್ಕೆ ನೂರಕ್ಕೆ 85ರಷ್ಟು ಕಡಿಮೆಮಾಡಬೇಕಾಗಿದೆ. ಸೆಕೆಗೆಂದು ತಂದ ಯಂತ್ರವು ಸೋರಿ ಸೆಕೆಯನ್ನೇ ಹೆಚ್ಚಿಸುವದಾದರೆ ಇದಕ್ಕಿಂತ ವಿಪರ್ಯಾಸವೇನಿದೆ?

ಹಾಗೆಂದು ಎಲ್ಲ ದೋಷವನ್ನೂ ಮೆಕ್ಯಾನಿಕ್ಕನ ತಲೆಗೆ ಕಟ್ಟುವವರಲ್ಲಿ ನಾವು ಸೇರಿದವರಲ್ಲ. ಅವನ ದುಡಿಮೆಯ ಸುಗ್ಗಿಯು ವರ್ಷದಲ್ಲಿ ಮೂರು ತಿಂಗಳು. ಮಳೆ ಬಿದ್ದೊಡನೆ ಕರೆಗಳು ನಿಲ್ಲುವವು. ಅನೇಕರಿಗೆ ತಿಂಗಳ ಸಂಬಳವಿಲ್ಲ, ಕೆಲಸವೊಂದಕ್ಕೆ ಇಷ್ಟೆಂದು ಕೂಲಿ. ನಾಲ್ಕನೆಯ ಮಹಡಿಯ ಹೊರಗೋಡೆಗೆ ನೇತುಬಿದ್ದ ಪೆಟ್ಟಿಗೆಯನ್ನು ಸೊಂಟಕ್ಕೆ ಹಗ್ಗವಿಲ್ಲದೆ ತೊಳೆಯುವ ಹುಡುಗರನ್ನು ನಾವೆಲ್ಲರೂ ಕಂಡಿದ್ದೇವೆ. ಆರ್-32, ಆರ್-290ರಂಥ ಗ್ಯಾಸುಗಳು ಕಿಡಿ ತಗಲಿದರೆ ಹೊತ್ತತಕ್ಕವು. ಅರಿಯದ ಕೈಯಲ್ಲಿ ಅವು ಪ್ರಾಣಕ್ಕೇ ಅಪಾಯ. 2019ರಲ್ಲಿ ಪ್ರಕಟವಾದ ಭಾರತದ ತಂಪುಗಾರಿಕೆಯ ಕಾರ್ಯಯೋಜನೆಯು, ದೇಶದ ತಂಪಿನ ಬೇಡಿಕೆಯು 2017-18ರಿಂದ 2037-38ರೊಳಗಾಗಿ ಎಂಟು ಪಟ್ಟಾಗುವದೆಂದು ಅಂದಾಜುಮಾಡಿ, 2022-23ರೊಳಗೆ ಒಂದು ಲಕ್ಷ ಮೆಕ್ಯಾನಿಕ್ಕರಿಗೆ ಶಿಕ್ಷಣ ಕೊಡುವ ಗುರಿಯನ್ನಿಟ್ಟಿತ್ತು. ಎಂಟು ಪಟ್ಟಾಗುವ ಕೆಲಸಕ್ಕೆ ಒಂದು ಸಲದ ಒಂದು ಲಕ್ಷವು ಸಾಲದು. ನಮ್ಮ ಐಟಿಐಗಳಲ್ಲಿ ಈ ಕಸಬಿನ ಎರಡು ವರ್ಷದ ತರಗತಿಯುಂಟು. ಅದನ್ನು ಸೆಕೆಯ ಜಿಲ್ಲೆಗಳಲ್ಲಿ ವಿಸ್ತರಿಸಿ, ಈಗಾಗಲೇ ಕೆಲಸದಲ್ಲಿರುವವರಿಗೂ ಮಳೆಗಾಲದ ಬಿಡುವಿನಲ್ಲಿ ಪಾಠ ಹೇಳಿ ಪ್ರಮಾಣಪತ್ರ ಕೊಡುವದು ಅವಶ್ಯವು.

ಕಾಯಿದೆಯ ಬಲವು ಗಿರಾಕಿಗೆ ಇಲ್ಲದೆ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಸೇವೆಯ ಕೊರತೆಗೂ ಪರಿಹಾರ ಕೇಳಬಹುದು. 1915 ಎಂಬ ಸಹಾಯವಾಣಿಯೂ ಇದೆ. ಆದರೆ ಕೈಯಲ್ಲಿ ಬಿಲ್ಲಿಲ್ಲದವನ ದೂರನ್ನು ಯಾರು ತಾನೆ ಕೇಳುವರು? ಆದುದರಿಂದ ನಮ್ಮ ಸೂಚನೆಗಳು ಇಷ್ಟೇ. ಕಂಪನಿಗಳು ಸರ್ವಿಸಿನ ಮತ್ತು ಬಿಡಿಭಾಗಗಳ ದರಪಟ್ಟಿಯನ್ನು ಯಂತ್ರದ ಬೆಲೆಯ ಜೊತೆಯಲ್ಲಿಯೇ ಕನ್ನಡದಲ್ಲಿ ಪ್ರಕಟಿಸತಕ್ಕದ್ದು. ಗ್ಯಾಸು ತುಂಬಿದ ಪ್ರತಿಯೊಂದು ಬಿಲ್ಲಿನಲ್ಲಿ ಗ್ಯಾಸಿನ ಹೆಸರು, ತೂಕ, ಸೋರಿಕೆ ಎಲ್ಲಿತ್ತೆಂಬ ವಿವರ ಈ ಮೂರೂ ಇರತಕ್ಕದ್ದು. ವಾರ್ಷಿಕ ಕರಾರಿನಲ್ಲಿ ಬಿಡಿಭಾಗಗಳು ಸೇರಿವೆಯೋ, ಬರೀ ಕೂಲಿಯೋ ಎಂಬದನ್ನು ಮೊದಲ ಪುಟದಲ್ಲಿಯೇ ಹೇಳತಕ್ಕದ್ದು. ಕಚೇರಿಗಳಲ್ಲಿ ಸಾರ್ವಜನಿಕರ ಹಣದಿಂದ ಏಸಿಗಳನ್ನು ನಡೆಸುತ್ತಿರುವ ಅಧಿಕಾರಿಗಳು ತಮ್ಮ ಗುತ್ತಿಗೆಗಳಲ್ಲಿ ಈ ನಿಯಮಗಳನ್ನು ಇಂದೇ ಸೇರಿಸಿದರೆ, ಪೇಟೆಯು ನಾಳೆ ಅದನ್ನು ಅನುಸರಿಸುವದು.

ಗೃಹಸ್ಥನಿಗೂ ಒಂದು ಮಾತು. ಒಳಗಿನ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ನಲ್ಲಿಯ ಕೆಳಗೆ ಹಿಡಿದು ತೊಳೆದು ನೆರಳಲ್ಲಿ ಒಣಗಿಸಲು ಯಾವ ಮೆಕ್ಯಾನಿಕ್ಕನೂ ಬೇಕಾಗಿಲ್ಲ, ಒಂದು ಕಾಸಿನ ಖರ್ಚೂ ಇಲ್ಲ. ಸರ್ವಿಸನ್ನು ಏಪ್ರಿಲಿನ ನೂಕುನುಗ್ಗಲಿನಲ್ಲಿ ಅಲ್ಲದೆ ಫೆಬ್ರವರಿಯಲ್ಲಿಯೇ ಮಾಡಿಸಿದರೆ ಕೆಲಸವೂ ಸಾವಕಾಶವಾಗಿ ಆಗುವದು. “ಗ್ಯಾಸು ತೀರಿದೆ” ಎಂದೊಡನೆ “ಎಲ್ಲಿ ಸೋರಿದೆ, ತೋರಿಸಪ್ಪಾ” ಎಂದು ಕೇಳಬೇಕು. ಈ ಒಂದು ಪ್ರಶ್ನೆಯನ್ನು ಕೇಳುವ ಅಭ್ಯಾಸವು ಊರಿಗೆಲ್ಲ ಹರಡಿದರೆ, ತಿಳಿದ ಮೆಕ್ಯಾನಿಕ್ಕನಿಗೆ ತಕ್ಕ ಮರ್ಯಾದೆಯೂ ಸಿಕ್ಕುವದು, ತಿಳಿಯದವನು ಕಲಿಯಲೇಬೇಕಾಗುವದು.