ಪರಮಗೀತೆಯ ಓದು: ರೂಪಕದೊಳಗೆ ಉಳಿದ ಬಯಕೆ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಸೇರಿರುವ ‘ಪರಮಗೀತೆ’ ಎಂಟು ಅಧ್ಯಾಯಗಳ ಪುಟ್ಟ ಕೃತಿ. ಹೆಣ್ಣು ಗಂಡುಗಳಿಬ್ಬರು ಪರಸ್ಪರರ ಅಂಗಸೌಂದರ್ಯವನ್ನು ಕೊಂಡಾಡುವುದು, ಅಗಲುವುದು, ಹುಡುಕುವುದು ಇಷ್ಟೇ ಅದರ ವಸ್ತು. ದೇವಸ್ತುತಿಯಾಗಲಿ, ಧರ್ಮವಿಧಿಯಾಗಲಿ ಅಲ್ಲಿಲ್ಲ. ಕ್ರೈಸ್ತ ವ್ಯಾಖ್ಯಾನ ಪರಂಪರೆ ನಲ್ಲನನ್ನು ಕ್ರಿಸ್ತನೆಂದೂ ನಲ್ಲೆಯನ್ನು ಸಭೆ ಅಥವಾ ಭಕ್ತನ ಆತ್ಮವೆಂದೂ ಓದಿತು. ಈ ಓದನ್ನು ‘ಶರಣಸತಿ ಲಿಂಗಪತಿ’ ಭಾವದ ಪಕ್ಕದಲ್ಲಿಟ್ಟು, ಎರಡೂ ಒಂದೇ, ಎರಡರಲ್ಲೂ ಕಾಮ ಕೇವಲ ರೂಪಕ ಎಂದು ತೀರ್ಮಾನಿಸುವುದು ಕನ್ನಡದ ತೌಲನಿಕ ವಿಮರ್ಶೆಗೆ ಸುಲಭದ ದಾರಿ. ಆ ‘ಕೇವಲ’ ಎಂಬ ಮಾತೇ ಪರಿಶೀಲನೆಗೆ ಅರ್ಹವಾದುದು.

ರೂಪಕವೆಂದೊಡನೆ ಬಯಕೆ ಕರಗಿಹೋಗುವುದಿಲ್ಲ. ದೇಹವಾಸನೆಯಿಂದ ಬಿಡಿಸಿಕೊಳ್ಳದವರು ಈ ಕೃತಿಯನ್ನು ಓದಕೂಡದೆಂದು 3ನೆಯ ಶತಮಾನದಲ್ಲೇ ಎಚ್ಚರಿಸಿದವನು ಆರಿಜೆನ್. ಆದರೆ ಅದೇ ವ್ಯಾಖ್ಯಾನದ ಪೀಠಿಕೆಯಲ್ಲಿ, ಬಯಕೆಯ ಪ್ರೇಮವನ್ನು ಸೂಚಿಸುವ ಗ್ರೀಕಿನ ‘ಏರೋಸ್’ ಶಬ್ದವನ್ನು ದೇವರಿಗೆ ಅನ್ವಯಿಸುವುದರಲ್ಲಿ ದೋಷವಿಲ್ಲವೆಂದೂ ಅವನು ವಾದಿಸಿದ. ಕ್ಲೇರ್ವೋದ ಬರ್ನಾರ್ಡ್ 1135ರಿಂದ 1153ರಲ್ಲಿ ತೀರಿಕೊಳ್ಳುವವರೆಗೆ ಪರಮಗೀತೆಯ ಮೇಲೆ 86 ಪ್ರವಚನಗಳನ್ನು ರಚಿಸಿದ. ಮೂರನೆಯ ಅಧ್ಯಾಯದ ಆರಂಭವನ್ನು ದಾಟಲಾಗಲಿಲ್ಲ. ಕೃತಿಯ ಮೊದಲಲ್ಲೇ ಬರುವ ಚುಂಬನವೊಂದಕ್ಕೇ ಹಲವು ಪ್ರವಚನಗಳು ಬೇಕಾದವು. ಕೇಳುವವರೋ ಬ್ರಹ್ಮಚಾರಿ ಸನ್ಯಾಸಿಗಳು!

ಈ ಭಾಷೆಯ ಶಕ್ತಿ ಚರ್ಚಿಗೆ ತಿಳಿದಿತ್ತು, ಅದರ ಭಯವೂ ಇತ್ತು. ಸಲಮಾಂಕಾ ವಿಶ್ವವಿದ್ಯಾಲಯದ ಅಧ್ಯಾಪಕ ಲೂಯಿಸ್ ದೆ ಲಿಯೋನ್ 1572ರಿಂದ 1576ರವರೆಗೆ ಧರ್ಮವಿಚಾರಣಾ ನ್ಯಾಯಾಲಯದ ಸೆರೆಯಲ್ಲಿದ್ದ. ಪರಮಗೀತೆಯನ್ನು ಸ್ಪ್ಯಾನಿಷಿಗೆ ತಂದದ್ದೂ ಅವನ ಮೇಲಿನ ಆರೋಪಗಳಲ್ಲೊಂದು. ಆವಿಲಾದ ತೆರೇಸಾ ಇದೇ ಕೃತಿಯ ಕುರಿತು ಬರೆದ ಚಿಂತನೆಗಳನ್ನು ಸುಟ್ಟುಹಾಕುವಂತೆ ಅವಳ ಧರ್ಮಗುರು ಆಜ್ಞಾಪಿಸಿದ. ಯಾರೋ ಮಾಡಿಕೊಂಡಿದ್ದ ಪ್ರತಿಯಿಂದಾಗಿ ಅವು ಉಳಿದವು. ಗಂಡಸರು ಲ್ಯಾಟಿನ್ನಿನಲ್ಲಿ ಬರೆದಾಗ ಅಧ್ಯಾತ್ಮವೆನಿಸಿದ್ದು ದೇಶಭಾಷೆಗೆ ಇಳಿದಾಗ, ಹೆಣ್ಣಿನ ಲೇಖನಿಗೆ ಬಂದಾಗ ಅಪಾಯವೆನಿಸಿತು. ವಚನಗಳ ಓದುಗರಿಗೆ ಈ ಆತಂಕ ಹೊಸದೇನಲ್ಲ.

ಪರಮಗೀತೆಯ ಐದನೆಯ ಅಧ್ಯಾಯದಲ್ಲಿ ನಲ್ಲ ರಾತ್ರಿ ಬಂದು ಬಾಗಿಲು ತಟ್ಟುತ್ತಾನೆ. ಕಾಲು ತೊಳೆದು ಮಲಗಿದ್ದವಳು ಏಳಲು ಹಿಂದೆಮುಂದೆ ನೋಡುತ್ತಾಳೆ. ತೆರೆಯುವಷ್ಟರಲ್ಲಿ ಅವನಿಲ್ಲ. ಬೀದಿಗಿಳಿದು ಹುಡುಕುವವಳಿಗೆ ಸಿಗುವುದು ಕಾವಲುಗಾರರ ಪೆಟ್ಟು. 1577–78ರಲ್ಲಿ ತನ್ನದೇ ಸಂಘದವರಿಂದ ಟೊಲೆಡೊದಲ್ಲಿ ಸೆರೆಯಾಗಿದ್ದ ಶಿಲುಬೆಯ ಯೋಹಾನ ಕಟ್ಟಿದ ಕಾವ್ಯವೂ ಮರೆಯಾದ ನಲ್ಲನ ಹುಡುಕಾಟದಿಂದಲೇ ತೊಡಗುತ್ತದೆ. ಶ್ರದ್ಧೆಯನ್ನು ತತ್ತ್ವದ ಅಂಗೀಕಾರವೆಂದಷ್ಟೇ ತಿಳಿಯುವವರಿಗೆ ಈ ತಹತಹ ಅರ್ಥವಾಗುವುದು ಕಷ್ಟ. ಬಾಗಿಲು ತೆರೆಯಲು ತಡಮಾಡಿದ ಅಳುಕು, ತಪ್ಪಿಹೋದವನ ಹಿಂದೆ ಓಡುವ ನಾಚಿಕೆಗೇಡು ಇವು ಪ್ರೇಮಾನುಭವದಿಂದಲ್ಲದೆ ಬೇರೆಲ್ಲಿಂದಲೂ ದೊರೆಯುವಂಥವಲ್ಲ.

ಸಾಮ್ಯ ಇಲ್ಲಿಯವರೆಗೆ ಸರಿ. ಆದರೆ ಅಕ್ಕಮಹಾದೇವಿ ಮರ್ತ್ಯನಾದ ಪತಿಯನ್ನು ನಿರಾಕರಿಸಿಯೇ ಚೆನ್ನಮಲ್ಲಿಕಾರ್ಜುನನನ್ನು ವರಿಸುತ್ತಾಳೆ. ಪರಮಗೀತೆಯ ನಲ್ಲೆಗೆ ಅಂಥ ಆಯ್ಕೆಯೇ ಇಲ್ಲ. ಅವಳ ಮನುಷ್ಯಪ್ರೇಮವೇ ಕಿಟಕಿ. ಎಫೆಸದವರಿಗೆ ಬರೆದ ಪತ್ರಿಕೆಯೂ ಗಂಡಹೆಂಡಿರ ಕೂಟದಲ್ಲೇ ಕ್ರಿಸ್ತ ಮತ್ತು ಸಭೆಯ ಗೂಢಾರ್ಥವನ್ನು ಕಾಣುತ್ತದೆ. ದೇವರು ದೇಹಧಾರಿಯಾದನೆಂದು ನಂಬುವ ಮತದಲ್ಲಿ ಇದು ಆಕಸ್ಮಿಕವಲ್ಲ. ಈ ನಂಟನ್ನು ಎಲ್ಲರೂ ಒಪ್ಪಿದರೆಂದಲ್ಲ. 1930ರ ದಶಕದಲ್ಲಿ ಸ್ವೀಡನ್ನಿನ ಆಂಡರ್ಸ್ ನೈಗ್ರೆನ್ ಏರೋಸನ್ನು ನಿಸ್ವಾರ್ಥ ಪ್ರೇಮವಾದ ‘ಅಗಾಪೆ’ಯಿಂದ ಪೂರ್ತಿ ಬೇರ್ಪಡಿಸಿದರು. ಪೋಪ್ ಹದಿನಾರನೆಯ ಬೆನೆಡಿಕ್ಟ್ 2005ರ ತಮ್ಮ ಪರಿಪತ್ರದಲ್ಲಿ ಎರಡನ್ನೂ ಮತ್ತೆ ಕೂಡಿಸಿದರು. ಪರಮಗೀತೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ನೈಗ್ರೆನ್ನರ ವಿಂಗಡಣೆ ನಿಲ್ಲುವುದಿಲ್ಲ.

ಕನ್ನಡ ಬೈಬಲು ಕ್ರಿಸ್ತನಿಗೆ ಬಳಸಿದ್ದು ‘ಮದಲಿಂಗ’ ಎಂಬ ಮಾತು, ಸಭೆಗೆ ‘ಮದಲಗಿತ್ತಿ’. ಎರಡೂ ಶಾಸ್ತ್ರದ ಪರಿಭಾಷೆಗಳಲ್ಲ, ಮದುವೆಮನೆಯ ಪದಗಳು. ‘ಲಿಂಗಪತಿ’ಯೊಂದಿಗೆ ಹೋಲಿಕೆ ಹೂಡುವ ಸಂಶೋಧಕರು ಮೊದಲು ಎದುರಿಸಬೇಕಾದ ವ್ಯತ್ಯಾಸ ಇಲ್ಲಿಯೇ ಇದೆ.