ಠಾಣೆಯ ವಿಚಾರಣೆಯುದ್ದಕ್ಕೂ ವಕೀಲರು ಜೊತೆಗಿರಬೇಕೆ?

ಪೊಲೀಸರು ತನಿಖೆಗೆ ಕೈಹಾಕಿದ ದಿನದಿಂದ ನ್ಯಾಯಾಲಯಕ್ಕೆ ದೋಷಾರೋಪಣ ಪಟ್ಟಿ, ಅಂದರೆ ಜನರು ಚಾರ್ಜ್‌ಶೀಟ್ ಎನ್ನುವ ವರದಿ, ಸಲ್ಲಿಕೆಯಾಗುವವರೆಗಿನ ಅವಧಿಯಲ್ಲಿ ಶಂಕಿತ ವ್ಯಕ್ತಿಯ ಮೇಲಿನ ಸಂಶಯವಷ್ಟೇ ಕಡತದಲ್ಲಿರುತ್ತದೆ; ಆದರೂ ಆ ದಿನಗಳಲ್ಲಿ ಆತ ಏನು ಹೇಳಿದ, ಯಾವ ಕಾಗದಕ್ಕೆ ಸಹಿ ಹಾಕಿದ, ಪಂಚನಾಮೆಯಲ್ಲಿ ಏನು ದಾಖಲಾಯಿತು ಎಂಬುದರ ಮೇಲೆಯೇ ಮುಂದಿನ ಜಾಮೀನು, ಸಾಕ್ಷ್ಯ, ತೀರ್ಪು ಬಹುಮಟ್ಟಿಗೆ ನಿಲ್ಲುತ್ತವೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಂ, ಬಂಧಿತ ವ್ಯಕ್ತಿಯು ಪೊಲೀಸರ ವಿಚಾರಣೆಯ ವೇಳೆ ತನಗೆ ಬೇಕಾದ ವಕೀಲರನ್ನು ಭೇಟಿಯಾಗಬಹುದು ಎನ್ನುತ್ತದೆ, ಆದರೆ ವಿಚಾರಣೆಯುದ್ದಕ್ಕೂ ಅಲ್ಲ ಎಂಬ ಮಿತಿಯನ್ನು ಅದೇ ವಾಕ್ಯದಲ್ಲಿ ಸೇರಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಹಾಕಿಕೊಟ್ಟ ಈ ಮಿತಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಮೂಲಕ ಹೊಸ ಸಂಹಿತೆಗೂ ಬಂದು ಸೇರಿದೆ. ಅದು ಉಳಿಯಬೇಕೆ, ಹೋಗಬೇಕೆ ಎಂಬುದು ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಯನ್ನು ಮಹಾನಗರದಲ್ಲಿಟ್ಟು ನೋಡುವುದಕ್ಕಿಂತ ಕುಂದಗೋಳದಂಥ ತಾಲ್ಲೂಕಿನಲ್ಲಿಟ್ಟು ನೋಡಿದರೆ ಅದರ ತೂಕ ಸರಿಯಾಗಿ ತಿಳಿಯುತ್ತದೆ. ಹತ್ತಿ, ಮೆಣಸಿನಕಾಯಿ, ಶೇಂಗಾ ಬೆಳೆಯುವ ಈ ಎರಿನೆಲದ ಸೀಮೆಯಲ್ಲಿ ಠಾಣೆಯ ಮೆಟ್ಟಿಲೇರುವ ತಕರಾರುಗಳು ಬಹಳಷ್ಟು ಬದುವಿನವು, ಹೊಲದ ದಾರಿಯವು, ಸಾಲದವು, ಮನೆತನದೊಳಗಿನವು. ಕುಂದಗೋಳ ಮತ್ತು ಗುಡಗೇರಿಯ ಠಾಣೆಗಳು ಧಾರವಾಡ ಜಿಲ್ಲಾ ಪೊಲೀಸ್ ವ್ಯವಸ್ಥೆಗೆ ಸೇರಿವೆ. ತಾಲ್ಲೂಕು ಕೇಂದ್ರದಲ್ಲಿ ನ್ಯಾಯಾಲಯವಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ ಧಾರವಾಡದಲ್ಲೇ ಇದೆ. ಆದುದರಿಂದ ಇಲ್ಲಿನ ರೈತನಿಗೆ ನ್ಯಾಯಾಲಯ ದೂರವಿಲ್ಲ. ದೂರವಿರುವುದು ಠಾಣೆಯೊಳಗಿನ ಮೊದಲ ಒಂದೆರಡು ತಾಸುಗಳಲ್ಲಿ ತನಗೇನು ಹಕ್ಕಿದೆ ಎಂದು ಹೇಳಿಕೊಡುವ ಮನುಷ್ಯ.

ಪರ

ವಕೀಲರು ಉದ್ದಕ್ಕೂ ಇರಬೇಕೆನ್ನುವವರ ವಾದ ಸಂವಿಧಾನದಿಂದಲೇ ಹೊರಡುತ್ತದೆ. ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಕೂಡದು ಎಂದು 20ನೇ ವಿಧಿಯ 3ನೇ ಉಪವಿಧಿ ಹೇಳುತ್ತದೆ. ಬಂಧಿತನಿಗೆ ತನ್ನ ಆಯ್ಕೆಯ ವಕೀಲರೊಡನೆ ಸಮಾಲೋಚಿಸುವ ಅವಕಾಶ ನಿರಾಕರಿಸಕೂಡದು ಎಂದು 22ನೇ ವಿಧಿಯ 1ನೇ ಉಪವಿಧಿ ಹೇಳುತ್ತದೆ. ಮೊದಲನೆಯ ರಕ್ಷಣೆ ನ್ಯಾಯಾಲಯದ ಕಟಕಟೆಗೆ ಮಾತ್ರ ಸೀಮಿತವಲ್ಲ, ಪೊಲೀಸ್ ವಿಚಾರಣೆಯ ಹಂತದಿಂದಲೇ ಅನ್ವಯಿಸುತ್ತದೆ ಎಂದು 1978ರ ನಂದಿನಿ ಸತ್ಪಥಿ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಸ್ಪಷ್ಟಪಡಿಸಿತು. ಒಡಿಶಾದ ಮುಖ್ಯಮಂತ್ರಿಯಾಗಿದ್ದ ಆ ಮಹಿಳೆಯನ್ನು ಕಟಕ್‌ನ ಠಾಣೆಗೆ ಕರೆಸಿ, ಬರೆದು ತಂದ ಪ್ರಶ್ನೆಗಳ ಪಟ್ಟಿಯನ್ನು ಮುಂದಿಟ್ಟಾಗ ಅವರು ಉತ್ತರಿಸಲು ಒಪ್ಪಲಿಲ್ಲ. ಉತ್ತರಿಸದಿರುವುದೇ ಅಪರಾಧವೆಂದು ಅವರ ಮೇಲೆ ದೂರು ದಾಖಲಾಯಿತು. ಮುಖ್ಯಮಂತ್ರಿಯಾಗಿದ್ದವರೇ ಮೌನದ ಹಕ್ಕಿಗಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತೆಂದರೆ, ಅಕ್ಷರ ಬಾರದ ಕೂಲಿಯೊಬ್ಬ ಅದನ್ನು ಠಾಣೆಯ ಬೆಂಚಿನ ಮೇಲೆ ಒಬ್ಬನೇ ಕುಳಿತು ಚಲಾಯಿಸುತ್ತಾನೆಂದು ನಂಬುವುದು ಕಷ್ಟ.

ಮೌನದ ಹಕ್ಕು ಕಾಗದದ ಮೇಲೆ ಸರಳವಾಗಿ ಕಂಡರೂ ಬಳಸುವಾಗ ಬಹಳ ಸೂಕ್ಷ್ಮವಾದದ್ದು. ಸಂಹಿತೆಯ 180ನೇ ಕಲಮಿನ ಪ್ರಕಾರ ಪೊಲೀಸರ ಪ್ರಶ್ನೆಗಳಿಗೆ ನಿಜವಾದ ಉತ್ತರ ಕೊಡಲೇಬೇಕು. ಆದರೆ ಯಾವ ಉತ್ತರದಿಂದ ತಾನೇ ಅಪರಾಧದ ಆರೋಪಕ್ಕೆ ಗುರಿಯಾಗುವ ಸಂಭವವಿದೆಯೋ ಅದಕ್ಕೆ ಉತ್ತರಿಸಬೇಕಿಲ್ಲ. ಯಾವ ಪ್ರಶ್ನೆ ಯಾವ ಬಗೆಯದೆಂದು ಆ ಕ್ಷಣದಲ್ಲಿ ನಿರ್ಧರಿಸುವವರು ಯಾರು? ಬಣವೆಗೆ ಬೆಂಕಿ ಬಿದ್ದ ಪ್ರಕರಣದಲ್ಲಿ ‘ನಿನ್ನೆ ರಾತ್ರಿ ಹೊಲಕ್ಕೆ ಹೋಗಿದ್ದೆಯಾ’ ಎಂದು ಕೇಳಿದರೆ ಅದು ಸಾದಾ ಪ್ರಶ್ನೆಯಂತೆ ಕೇಳಿಸುತ್ತದೆ; ನೀರು ಹಾಯಿಸಲು ಹೋಗಿದ್ದ ರೈತ ಹೌದೆಂದರೆ ಘಟನೆಯ ಸ್ಥಳದಲ್ಲಿ ತನ್ನನ್ನು ತಾನೇ ನಿಲ್ಲಿಸಿಕೊಂಡಂತಾಗುತ್ತದೆ, ಹೆದರಿ ಇಲ್ಲವೆಂದರೆ ಸುಳ್ಳು ಹೇಳಿದವನಾಗುತ್ತಾನೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ, ಆದುದರಿಂದ ಅಪಾಯವಿಲ್ಲ ಎಂಬ ಸಮಾಧಾನವೂ ಅರ್ಧ ಸತ್ಯವಷ್ಟೇ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ತಪ್ಪೊಪ್ಪಿಗೆಯನ್ನು ತಳ್ಳಿಹಾಕುತ್ತದೆಯಾದರೂ, ಪೊಲೀಸರ ವಶದಲ್ಲಿರುವ ಆರೋಪಿಯ ಮಾತಿನಿಂದ ಒಂದು ವಸ್ತು ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದಷ್ಟು ಮಾತನ್ನು ಒಪ್ಪಿಕೊಳ್ಳುತ್ತದೆ. ಕುಡಗೋಲು ಬಣವೆಯಲ್ಲಿದೆ ಎಂಬ ಒಂದೇ ಮಾತು, ಅದನ್ನು ಹೇಗೆ ಹೇಳಿಸಲಾಯಿತೆಂದು ನೋಡಿದವರು ಯಾರೂ ಇಲ್ಲದಿದ್ದರೂ, ಪಂಚನಾಮೆಯ ಮೂಲಕ ನ್ಯಾಯಾಲಯ ಸೇರುತ್ತದೆ.

ಬಲವಂತ ಎಂಬುದು ಲಾಠಿಯೇ ಆಗಬೇಕಿಲ್ಲ. 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಹಾಗೂ ಮಿದುಳಿನ ನಕ್ಷೆ ತೆಗೆಯುವ ಪರೀಕ್ಷೆಗಳನ್ನು ಮಾಡುವಂತಿಲ್ಲ ಎಂದದ್ದು, ಮನಸ್ಸಿನ ಮೇಲಿನ ಒತ್ತಾಯವೂ ಒತ್ತಾಯವೇ ಎಂಬ ನೆಲೆಯಲ್ಲಿ. ಅಧಿಕಾರ ಎಲ್ಲೆ ಮೀರಿದಾಗ ಏನಾಗುತ್ತದೆಂದು ತಿಳಿಯಲು ಇದೇ ಜಿಲ್ಲೆಯ ಯಮನೂರು ಸಾಕು. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿಯು 7.56 ಟಿಎಂಸಿ ನೀರಿಗಾಗಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು ತಿರಸ್ಕರಿಸಿತು; ನವಲಗುಂದದಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿ ಸರ್ಕಾರಿ ಕಚೇರಿಗಳಿಗೆ ಹಾನಿಯಾಯಿತು; ಅನಂತರ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಮುದುಕರು, ಹೆಂಗಸರು ಎನ್ನದೆ ಥಳಿಸಿದ ದೃಶ್ಯವನ್ನು ಇಡೀ ನಾಡು ದೂರದರ್ಶನದಲ್ಲಿ ನೋಡಿತು, ಕೆಲವು ಸಿಬ್ಬಂದಿ ಅಮಾನತಾದರು. ಅಂದು ನಡುಬೀದಿಯಲ್ಲಿ ಕ್ಯಾಮೆರಾ ಇತ್ತು. ಗೋಡೆಯೊಳಗೆ ನಡೆಯುವುದಕ್ಕೆ ಸಾಕ್ಷಿ ಬೇಕೆಂಬುದೇ ಪರವಾದದ ಜೀವಾಳ, ಮತ್ತು ಆ ಬೇಡಿಕೆ ನ್ಯಾಯವಾದದ್ದು.

ಪೊಲೀಸ್ ವಿಚಾರಣೆಯಲ್ಲಿ ವಕೀಲರ ನೆರವು ಪಡೆಯುವ ಹಕ್ಕನ್ನು ಹೊರದೇಶಗಳೂ ಒಪ್ಪಿವೆ: ಅಮೆರಿಕದಲ್ಲಿ 1966ರ ಮಿರಾಂಡ ತೀರ್ಪು, ಇಂಗ್ಲೆಂಡಿನಲ್ಲಿ 1984ರ ಪೊಲೀಸ್ ಕಾಯ್ದೆ, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ 2008ರ ಸಲ್ದುಜ್ ತೀರ್ಪು.

ವಿರೋಧ

ಮಿತಿ ಉಳಿಯಬೇಕೆನ್ನುವವರನ್ನು ಪೊಲೀಸರ ಪಕ್ಷಪಾತಿಗಳೆಂದು ಬದಿಗಿಡುವುದು ಅನ್ಯಾಯ. ಅವರ ಬೆನ್ನಿಗೂ ತೀರ್ಪುಗಳಿವೆ. 1992ರ ಪೂಲಪಾಂಡಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ತೆರಿಗೆ ಮತ್ತು ಸುಂಕದ ಅಧಿಕಾರಿಗಳ ವಿಚಾರಣೆಗೆ ಕರೆಸಲ್ಪಟ್ಟವರು ವಕೀಲರ ಹಾಜರಿಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದಿತು. 2011ರ ಇನ್ನೊಂದು ಪ್ರಕರಣದಲ್ಲಿ, ವಿಚಾರಣೆಗೊಳಗಾದವರ ಅನಾರೋಗ್ಯವನ್ನು ಗಮನಿಸಿ, ವಕೀಲರು ಕಣ್ಣಿಗೆ ಕಾಣುವಷ್ಟು ಹತ್ತಿರ ಆದರೆ ಮಾತು ಕೇಳಿಸದಷ್ಟು ದೂರ ಕುಳಿತಿರಲಿ ಎಂದು ಅಪ್ಪಣೆ ಮಾಡಿತು. 2012ರ ಕಸಬ್ ತೀರ್ಪಿನಲ್ಲಿ ಮಿರಾಂಡದ ಮಾದರಿಯನ್ನು ಇಲ್ಲಿಗೆ ತರಬೇಕಿಲ್ಲ, ಉಚಿತ ವಕೀಲರನ್ನು ಪಡೆಯುವ ಹಕ್ಕು ಆರೋಪಿಯನ್ನು ಮೊದಲ ಬಾರಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಹುಟ್ಟುತ್ತದೆ ಎಂಬ ನಿಲುವು ಬಂತು. ಇದರ ಹಿಂದಿನ ತರ್ಕ ಹೀಗಿದೆ: ಅಮೆರಿಕದಲ್ಲಿ ಪೊಲೀಸರ ಮುಂದೆ ಆಡಿದ ಮಾತು ಆರೋಪಿಯ ವಿರುದ್ಧ ನೇರವಾಗಿ ಬಳಕೆಯಾಗುತ್ತದೆ, ಆದುದರಿಂದ ಅಲ್ಲಿ ವಕೀಲರು ಬೇಕೇಬೇಕು, ಭಾರತದ ಕಾನೂನು ಅಂಥ ತಪ್ಪೊಪ್ಪಿಗೆಯನ್ನು 1872ರಿಂದಲೂ ಒಪ್ಪಿಲ್ಲ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಹೇಳಿದವರ ಸಹಿ ಪಡೆಯುವಂತಿಲ್ಲ ಎಂದು ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಂ ಹೇಳುತ್ತದೆ. ಬಂಧಿತನನ್ನು ಪ್ರಯಾಣದ ವೇಳೆ ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಿಚಾರಣೆಯ ಕೋಣೆಯೂ ಸೇರಿದಂತೆ ಪ್ರತಿ ಠಾಣೆಯಲ್ಲಿ ಧ್ವನಿಸಹಿತ ಸಿಸಿಟಿವಿ ಇರಬೇಕೆಂದು 2020ರ ಡಿಸೆಂಬರಿನ ಪರಮವೀರ್ ಸಿಂಗ್ ಸೈನಿ ತೀರ್ಪು ವಿಧಿಸಿದೆ. ಈ ಬೇಲಿಗಳನ್ನು ಗಟ್ಟಿಗೊಳಿಸಿದರೆ ಸಾಕು ಎಂಬುದು ವಿರೋಧದ ಮೊದಲ ಮಾತು.

ಎರಡನೆಯ ಮಾತು ಇದಕ್ಕಿಂತ ಭಾರವಾದದ್ದು, ಏಕೆಂದರೆ ಅದು ದೂರುದಾರರ ಕಡೆಯಿಂದ ಬರುತ್ತದೆ. ಗಂಡನ ಮನೆಯ ಹಿಂಸೆ ತಾಳಲಾರದೆ ಠಾಣೆಗೆ ಬಂದ ಹೆಣ್ಣುಮಗಳು, ಜಮೀನ್ದಾರನ ವಿರುದ್ಧ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಟ್ಟ ದಲಿತ ಕೂಲಿಕಾರ, ಬಡ್ಡಿ ವ್ಯವಹಾರದವರ ಕಾಟಕ್ಕೆ ಸಿಕ್ಕ ಸಣ್ಣ ಹಿಡುವಳಿದಾರ: ಇವರ ಪ್ರಕರಣಗಳಲ್ಲಿ ಶಂಕಿತನೇ ಊರಿನ ಬಲಾಢ್ಯ. ಹುಬ್ಬಳ್ಳಿಯಿಂದ ವಕೀಲರನ್ನು ಕಾರಿನಲ್ಲಿ ಕರೆತರುವ ಶಕ್ತಿ ಅವನಿಗಿದೆ. ಉದ್ದಕ್ಕೂ ಹಾಜರಿಯ ಹಕ್ಕನ್ನು ಮೊದಲು ಬಳಸಿಕೊಳ್ಳುವವನೂ ಅವನೇ. ಕೈಬದಲಾಗುವ ಹಣ, ಅಳಿಸಿಹೋಗುವ ಮೊಬೈಲ್ ಸಂದೇಶ, ಬೆದರಿಕೆಗೆ ಮಣಿಯುವ ಸಾಕ್ಷಿ, ಇವುಗಳ ಬೆನ್ನಟ್ಟಬೇಕಾದ ಮೊದಲ ತಾಸುಗಳು ವಕೀಲರ ದಾರಿ ಕಾಯುವುದರಲ್ಲಿ ಕಳೆದರೆ ನಷ್ಟ ಅನುಭವಿಸುವವರು ಬಡವರೇ. ಚಿಕ್ಕ ಊರಿನ ವಕೀಲರ ಬಳಗದಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರಾಗಿರುವುದರಿಂದ ತನಿಖೆಯ ಗುಟ್ಟು ಸಂಜೆಯೊಳಗೆ ಊರ ಕಟ್ಟೆಗೆ ಬರುತ್ತದೆಂಬ ಆತಂಕವನ್ನೂ ಸುಳ್ಳೆನ್ನಲಾಗದು.

ತೂಗಿ ನೋಡಿದಾಗ

ವಿಳಂಬದ ಆಕ್ಷೇಪಕ್ಕೆ ಉತ್ತರ 1978ರ ತೀರ್ಪಿನಲ್ಲೇ ಇದೆ. ಆರೋಪಿ ತನ್ನ ವಕೀಲರು ಪಕ್ಕದಲ್ಲಿರಲಿ ಎಂದು ಬಯಸಿದರೆ ನಿರಾಕರಿಸಬಾರದು. ಆದರೆ ನ್ಯಾಯವಾದಷ್ಟು ಹೊತ್ತಿಗಿಂತ ಹೆಚ್ಚು ಪೊಲೀಸರು ಕಾಯಬೇಕಿಲ್ಲ, ಬಂದ ವಕೀಲರು ಪೊಲೀಸರೊಡನೆ ವಾಗ್ವಾದಕ್ಕಿಳಿಯದೆ ಕಕ್ಷಿದಾರನಿಗೆ ನೆರವಾಗಬೇಕು, ಆಕ್ಷೇಪವಿದ್ದರೆ ಹೇಳಬೇಕು ಎಂಬ ಹದವನ್ನು ಅದು ಅಂದೇ ಹಾಕಿಕೊಟ್ಟಿತು. ಸಿಸಿಟಿವಿಯ ಭರವಸೆಯ ಮಾತೆಂದರೆ, ಕ್ಯಾಮೆರಾ ನಡೆದದ್ದನ್ನು ಆಮೇಲೆ ತೋರಿಸಬಲ್ಲದು, ನಡೆಯುತ್ತಿರುವಾಗ ಈ ಪ್ರಶ್ನೆಗೆ ಉತ್ತರಿಸಬೇಕಿಲ್ಲ ಎಂದು ಹೇಳಲಾರದು. ಬಲಾಢ್ಯನಿಗೆ ಮಾತ್ರ ವಕೀಲರು ಸಿಗುತ್ತಾರೆಂಬ ಆಕ್ಷೇಪ ನಿಜ. ಆದರೆ ಅದರಿಂದ ಹೊರಡಬೇಕಾದ ತೀರ್ಮಾನ ಬಡವನಿಗೂ ವಕೀಲರನ್ನು ಒದಗಿಸುವುದೇ ಹೊರತು ಇಬ್ಬರಿಗೂ ನಿರಾಕರಿಸುವುದಲ್ಲ. ಆದುದರಿಂದ ಬಂಧನದಲ್ಲಿರುವವರ ಮಟ್ಟಿಗೆ ಪರವಾದವೇ ಮೇಲು, ಆ ಮಿತಿಯನ್ನು ಸಂಹಿತೆಯಿಂದ ತೆಗೆಯುವುದೇ ಸರಿ.

ಆದರೆ ಎರಡೂ ಪಕ್ಷಗಳ ವಾದ ಬಂಧಿತನ ಸುತ್ತಲೇ ತಿರುಗುತ್ತದೆ, ಮತ್ತು 38ನೇ ಕಲಂ ಹೇಳುವುದೂ ಬಂಧಿತನ ಬಗ್ಗೆಯೇ. ಹಳ್ಳಿಯಲ್ಲಿ ಬಹುಪಾಲು ಜನರಿಗೆ ಪೊಲೀಸ್ ತನಿಖೆ ಎದುರಾಗುವುದು ಬಂಧನದ ರೂಪದಲ್ಲಲ್ಲ. ‘ಸ್ಟೇಷನ್‌ಗೆ ಬಂದು ಹೋಗ್ರಿ’ ಎಂದು ಫೋನ್ ಬರುತ್ತದೆ. ಹೋದವನು ಬಂಧಿತನೂ ಅಲ್ಲ, ಸಾಕ್ಷಿಯೂ ಅಲ್ಲ, ಸಂಜೆಯವರೆಗೆ ಕುಳಿತಿರುತ್ತಾನೆ. ಬಂಧಿಸುವ ಅಗತ್ಯವಿಲ್ಲದ ಪ್ರಕರಣದಲ್ಲಿ ಶಂಕಿತನಿಗೆ 35ನೇ ಕಲಮಿನ 3ನೇ ಉಪಕಲಮಿನಡಿ ನೋಟಿಸು ಕೊಡಬೇಕು. ಅದರಂತೆ ಹಾಜರಾಗುತ್ತಿರುವವರೆಗೆ, ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಇಂಥ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಲ್ಲದೆಂದು 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಸಾಕ್ಷಿಯಾಗಿ ಕರೆಸುವುದಾದರೆ 179ನೇ ಕಲಮಿನ ಲಿಖಿತ ಆದೇಶ ಬೇಕು, ಮತ್ತು ಮಹಿಳೆಯರು, 15ಕ್ಕಿಂತ ಕಿರಿಯ ಹಾಗೂ 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆಯವರನ್ನು ಅವರ ಮನೆಯಲ್ಲೇ ವಿಚಾರಿಸಬೇಕು. ಬಂಧನವಾದರೆ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕೆಂಬುದು 2025ರ ನವೆಂಬರಿನ ಮಿಹಿರ್ ರಾಜೇಶ್ ಶಾ ತೀರ್ಪಿನ ಬಳಿಕ ಎಲ್ಲ ಬಗೆಯ ಅಪರಾಧಗಳಿಗೂ ಅನ್ವಯಿಸುತ್ತದೆ. ಕುಂದಗೋಳದಲ್ಲಿ ಅದು ಬಹುತೇಕ ಎಲ್ಲರಿಗೂ ಕನ್ನಡವೇ. ಕೈಯಲ್ಲಿ ನೋಟಿಸು ಇಲ್ಲದವನಿಗೆ ವಕೀಲರನ್ನು ಕೇಳುವ ಹಕ್ಕು ಯಾವ ಕಲಮಿನಡಿ ಬರುತ್ತದೆಂದೇ ಹೇಳಲಾಗದು. ಮಿತಿ ತೆಗೆಯುವ ತಿದ್ದುಪಡಿಯೂ ಅವನನ್ನು ಮುಟ್ಟುವುದಿಲ್ಲ.

ಇದಕ್ಕೆ ಹೊಸ ಕಾನೂನಿನ ದಾರಿ ಕಾಯಬೇಕಿಲ್ಲ. ಬಂಧನಕ್ಕೆ ಮೊದಲೇ, ಠಾಣೆಯ ಹಂತದಲ್ಲೇ ಉಚಿತ ನೆರವು ಕೊಡುವ ಚೌಕಟ್ಟನ್ನು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2019ರಲ್ಲೇ ರೂಪಿಸಿದೆ. ಅದರ ಸಹಾಯವಾಣಿ 15100. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಮಕ್ಕಳು ಹಾಗೂ ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಈ ನೆರವಿಗೆ ಅರ್ಹರು. ಬಂಧಿತರ ಹೆಸರು, ವಿಳಾಸ ಮತ್ತು ಅಪರಾಧದ ಸ್ವರೂಪವನ್ನು ಪ್ರತಿ ಠಾಣೆಯಲ್ಲೂ ಎದ್ದು ಕಾಣುವಂತೆ ಪ್ರಕಟಿಸಬೇಕೆಂದು ಸಂಹಿತೆಯ 37ನೇ ಕಲಂ ಈಗಾಗಲೇ ಹೇಳಿದೆ. ಕುಂದಗೋಳ ಮತ್ತು ಗುಡಗೇರಿಯ ಠಾಣೆಗಳಲ್ಲಿ ಅದರ ಪಕ್ಕದಲ್ಲೇ ಅಂದಿನ ಸರದಿಯ ಕಾನೂನು ನೆರವು ವಕೀಲರ ಫೋನ್ ಸಂಖ್ಯೆಯನ್ನು ಬರೆದು, ವಿಚಾರಣೆಗೆ ಕರೆಸಿದ ಪ್ರತಿಯೊಬ್ಬರೂ ಬಂದ ಹೊತ್ತು, ಹೋದ ಹೊತ್ತು ಮತ್ತು ಅವರಿಗೆ ಕೊಟ್ಟ ನೋಟಿಸಿನ ಸಂಖ್ಯೆಯನ್ನು ಒಂದು ವಹಿಯಲ್ಲಿ ದಾಖಲಿಸುವ ಪದ್ಧತಿಯನ್ನು ತಾಲ್ಲೂಕು ಕಾನೂನು ಸೇವೆಗಳ ಸಮಿತಿಯೂ ಜಿಲ್ಲಾ ಪೊಲೀಸ್ ವರಿಷ್ಠರೂ ಸೇರಿ ಆರಂಭಿಸಬಹುದು.