ಬಾಟ್ಲಿ ತೆರೆದ ದಿನದಿಂದ ಒಂದು ತಿಂಗಳು

ಐದು ಎಂ.ಎಲ್. ಕಣ್ಣಿನ ಡ್ರಾಪ್ಸ್ ಬಾಟ್ಲಿಯಲ್ಲಿ ಕಣ್ಣಿಗೆ ಬೇಕಾದ ಔಷಧದ ಜೊತೆಗೆ, ಆ ಔಷಧವೇ ಕೆಡದಂತೆ ಕಾಯುವ ಇನ್ನೊಂದು ವಸ್ತುವೂ ಇರುತ್ತದೆ. ಅದು ಪ್ರಿಸರ್ವೇಟಿವ್. ಹೆಚ್ಚಿನ ಡ್ರಾಪ್ಸ್‌ಗಳಲ್ಲಿ ಈ ಕಾವಲು ಬೆಂಜಾಲ್ಕೋನಿಯಂ ಕ್ಲೋರೈಡ್‌ನದು. ಶೇ 0.01ರ ಲೆಕ್ಕ ಹಿಡಿದರೆ ಇಡೀ ಬಾಟ್ಲಿಗೆ ಅರ್ಧ ಮಿಲಿಗ್ರಾಂ, ಚಿಟಿಕೆಗೂ ಸಿಗದಷ್ಟು. ಬಾಟ್ಲಿಯನ್ನು ಹಿಂಡಿ ಬಿಟ್ಟಾಗ ಅದು ಮತ್ತೆ ಉಬ್ಬುತ್ತದೆ, ತುದಿಯಲ್ಲಿ ನಿಂತ ಹನಿಯನ್ನು ಒಳಗೆಳೆದುಕೊಳ್ಳುತ್ತದೆ. ಆ ತುದಿ ರೆಪ್ಪೆಗೋ ಬೆರಳಿಗೋ ತಾಗಿದ್ದರೆ ಅಲ್ಲಿನ ಬ್ಯಾಕ್ಟೀರಿಯಾ ಕೂಡ ಹನಿಯೊಂದಿಗೆ ಒಳಗೆ ಹೋಗುತ್ತದೆ. ಅದನ್ನು ಎದುರಿಸುವುದು ಆ ಅರ್ಧ ಮಿಲಿಗ್ರಾಂ.

ಬೆಂಜಾಲ್ಕೋನಿಯಂನ ಕೆಲಸ ಸೋಪಿನದನ್ನು ಹೋಲುತ್ತದೆ. ಅದರ ಅಣುವಿನ ಒಂದು ತುದಿಯಲ್ಲಿ ಧನ ವಿದ್ಯುದಂಶವಿದೆ, ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ವಿದ್ಯುದಂಶ. ಎರಡೂ ಅಂಟಿಕೊಂಡ ಮೇಲೆ ಅಣುವಿನ ಉದ್ದನೆಯ ಬಾಲ ಪೊರೆಯೊಳಗೆ ನುಗ್ಗುತ್ತದೆ, ಪೊರೆ ಸೋರಿ ಜೀವಿ ಸಾಯುತ್ತದೆ. ಸ್ಯೂಡೊಮೊನಾಸ್ ಎಂಬ ಮೊಂಡು ಬ್ಯಾಕ್ಟೀರಿಯಾ ಇದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕಾಗಿ ಇಡಿಟಿಎ ಎಂಬ ರಾಸಾಯನಿಕ ಸೇರಿಸುತ್ತಾರೆ. ಹೊರಪೊರೆಯನ್ನು ಗಟ್ಟಿಯಾಗಿ ಹಿಡಿದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಇಡಿಟಿಎ ಕಿತ್ತು ದಾರಿ ಮಾಡಿಕೊಡುತ್ತದೆ.

ಆದರೆ ಈ ಕಾವಲಿಗೂ ಮಿತಿಯಿದೆ. ಅಮೆರಿಕದ ಫಾರ್ಮಕೋಪಿಯಾ (ಔಷಧ ಮಾನದಂಡಗಳ ಗ್ರಂಥ) ಹೇಳುವ ಪರೀಕ್ಷೆಯಲ್ಲಿ ದ್ರಾವಣಕ್ಕೆ ಬೇಕೆಂದೇ ಬ್ಯಾಕ್ಟೀರಿಯಾ ಸೇರಿಸಿ, ಅವು 14 ದಿನಗಳಲ್ಲಿ ಸಾವಿರಕ್ಕೆ ಒಂದರಷ್ಟಕ್ಕೆ ಇಳಿದವೇ, 28ನೇ ದಿನದವರೆಗೆ ಮತ್ತೆ ಹೆಚ್ಚದೆ ಉಳಿದವೇ ಎಂದು ನೋಡುತ್ತಾರೆ. ಬೆಳಿಗ್ಗೆ ಬಿದ್ದ ಕೊಳೆ ಮಧ್ಯಾಹ್ನಕ್ಕೆ ಸತ್ತಿರಬೇಕು ಎಂಬ ಷರತ್ತು ಅಲ್ಲಿಲ್ಲ. ಭಾರತದ ಔಷಧ ನಿಯಮಗಳ ಶೆಡ್ಯೂಲ್ ಎಫ್‌ಎಫ್ ಕೂಡ ಕಣ್ಣಿನ ದ್ರಾವಣಗಳಿಗೆ ಪ್ರಿಸರ್ವೇಟಿವ್ ಬೇಕೆನ್ನುತ್ತದೆ. ಅದರ ಹೆಸರು, ಪ್ರಮಾಣ ಲೇಬಲ್ ಮೇಲಿರಬೇಕು. ತೆರೆದ ಒಂದು ತಿಂಗಳೊಳಗೆ ಬಳಸಬೇಕು, ತುದಿಯನ್ನು ಎಲ್ಲಿಗೂ ತಾಗಿಸಬಾರದು ಎಂಬ ಸೂಚನೆಯೂ ಇರಬೇಕು. ಸೂಚನೆ ಇರುವುದೂ ನಿಜ. ಆದರೆ ಅದು ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿದವರೂ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ. ಜನ ನೋಡುವುದು ಎಕ್ಸ್‌ಪೈರಿ ಡೇಟ್ ಮಾತ್ರ. ಅದು ಸೀಲ್ ಒಡೆಯದ ಬಾಟ್ಲಿಯ ಆಯಸ್ಸು. ಸೀಲ್ ಒಡೆದ ದಿನದಿಂದ ಲೆಕ್ಕ ಬೇರೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದು ಹಾಸನ ಜಿಲ್ಲೆಯಂಥ ಬೇಸಾಯದ ಸೀಮೆಗೆ ಬಹಳ ಮುಖ್ಯ. ಮೊಸಳೆ ಎಂಬ ಊರಿನ ಸುತ್ತಿನ ಹಳ್ಳಿಗಳಿಂದ ಹೊಳೆನರಸೀಪುರದವರೆಗೆ ಭತ್ತ, ಜೋಳ. ಅರಕಲಗೂಡಿನಲ್ಲಿ ಹೊಗೆಸೊಪ್ಪು, ಶುಂಠಿ. ಚನ್ನರಾಯಪಟ್ಟಣದ ಕಡೆ ತೆಂಗು. ಒಕ್ಕಣೆಯ ಹೊತ್ತಿನಲ್ಲಿ ಭತ್ತದ ಸುಂಕು ಕಣ್ಣಿಗೆ ಚುಚ್ಚುತ್ತದೆ, ಗರಿ ಎಳೆಯುವಾಗ ಅಂಚು ಗೀರುತ್ತದೆ. ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ. ಮನೆಯ ಷೆಲ್ಫಿನಲ್ಲಿ ಅಜ್ಜಿಯ ಪೊರೆ ಆಪರೇಷನ್‌ ಕಾಲದ ಅರ್ಧ ಬಾಟ್ಲಿ ಉಳಿದಿರುತ್ತದೆ. ತುದಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ ಔಷಧವನ್ನು ಸೆರಗಿನಿಂದ ಒರೆಸಿ ಎರಡು ಹನಿ ಬಿಡುತ್ತಾರೆ. ಆಪರೇಷನ್ ನಂತರ ಕೊಡುವ ಹನಿಯಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಸುಂಕಿನೊಂದಿಗೆ ಕಣ್ಣು ಸೇರಿದ ಫ್ಯುಸೇರಿಯಂ, ಆಸ್ಪರ್ಜಿಲಸ್‌ನಂಥ ಫಂಗಸ್‌ಗೆ ಸ್ಟೀರಾಯ್ಡ್ ಗೊಬ್ಬರ ಹಾಕಿದಂತೆ. ಎರಡು ದಿನ ನೋವು ಇಳಿದಂತೆ ಕಂಡು, ಆಮೇಲೆ ಕಪ್ಪುಗುಡ್ಡೆಯ ಮೇಲೆ ಬಿಳಿ ಹುಣ್ಣು ಏಳುತ್ತದೆ. ಪ್ರಿಸರ್ವೇಟಿವ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಅದು ಬಾಟ್ಲಿಯನ್ನು ಕಾಯುತ್ತದೆ, ಕಣ್ಣಿನ ಹುಣ್ಣನ್ನು ವಾಸಿ ಮಾಡುವುದಿಲ್ಲ. 2023ರ ಮಳೆಗಾಲದಲ್ಲಿ ರಾಜ್ಯದಲ್ಲಿ ಮದ್ರಾಸ್ ಐ ಹಬ್ಬಿದಾಗ ಇಡೀ ಮನೆಗೆ ಒಂದೇ ಬಾಟ್ಲಿ ಬಳಸಿದವರು ಮಾಡಿದ್ದೂ ಒಬ್ಬರ ಬಾಟ್ಲಿಯನ್ನು ಇನ್ನೊಬ್ಬರು ಬಳಸುವ ಇದೇ ತಪ್ಪನ್ನು. ಒಬ್ಬರ ರೆಪ್ಪೆಗೆ ತಾಗಿದ ತುದಿ ಇನ್ನೊಬ್ಬರ ಕಣ್ಣಿಗೆ ವೈರಸ್ ದಾಟಿಸುವ ಸೇತುವೆ.

ಹಾಗೆಂದು ಪ್ರಿಸರ್ವೇಟಿವ್ ಇಲ್ಲದ ಹನಿಯೇ ಒಳ್ಳೆಯದು ಎನ್ನುವಂತಿಲ್ಲ. 2023ರಲ್ಲಿ ಚೆನ್ನೈನ ಗ್ಲೋಬಲ್ ಫಾರ್ಮಾ ಹೆಲ್ತ್‌ಕೇರ್ ತಯಾರಿಸಿದ ಕೃತಕ ಕಣ್ಣೀರಿನ ಹನಿಗಳನ್ನು ಅಮೆರಿಕದಲ್ಲಿ ಹಿಂಪಡೆಯಲಾಯಿತು. ಹಲವು ಸಲ ಬಳಸುವ ಬಾಟ್ಲಿಯಲ್ಲಿ ಸಾಕಷ್ಟು ಪ್ರಿಸರ್ವೇಟಿವ್ ಇರಲಿಲ್ಲ ಎಂಬುದು ಅಲ್ಲಿನ ಔಷಧ ನಿಯಂತ್ರಕರ ಆಕ್ಷೇಪಗಳಲ್ಲಿ ಒಂದು. ಔಷಧಗಳಿಗೆ ಬಗ್ಗದ ಸ್ಯೂಡೊಮೊನಾಸ್ 18 ರಾಜ್ಯಗಳ 81 ಜನರಿಗೆ ತಗುಲಿತು, ನಾಲ್ವರು ಸತ್ತರು, 14 ಜನ ದೃಷ್ಟಿ ಕಳೆದುಕೊಂಡರು. ಆಪರೇಷನ್ ವೇಳೆ ಕಣ್ಣಿನೊಳಗೆ ಬಿಡುವ ದ್ರಾವಣದ ಮಾತು ಬೇರೆ. ಅಲ್ಲಿ ಪ್ರಿಸರ್ವೇಟಿವ್ ಒಳಪದರವನ್ನೇ ಸುಡುವುದರಿಂದ ಭಾರತದ ನಿಯಮ ಅದನ್ನು ನಿಷೇಧಿಸಿ, ಒಂದೇ ಸಲ ಬಳಸುವ ಪೊಟ್ಟಣ ಬೇಕೆನ್ನುತ್ತದೆ. ಕಾವಲಿಲ್ಲದ ಆ ದ್ರಾವಣ ತಯಾರಿಕೆಯಲ್ಲೇ ಕೆಟ್ಟರೆ ತಡೆಯುವವರಿಲ್ಲ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪೊರೆ ಆಪರೇಷನ್ ಮಾಡಿಸಿಕೊಂಡವರು ಸೋಂಕಿನಿಂದ ದೃಷ್ಟಿ ಕಳೆದುಕೊಂಡಾಗ ಅನುಮಾನ ಹೋದದ್ದು ಅಂಥದೇ ಒಂದು ದ್ರಾವಣದ ಮೇಲೆ.

ಬಾಟ್ಲಿ ಕಾಯುವ ಬೆಂಜಾಲ್ಕೋನಿಯಂ ಕಣ್ಣಿಗೂ ತೊಂದರೆ ಕೊಡಬಲ್ಲದು. ಅದು ಹೆಚ್ಚು ಕಾಣುವುದು ಗ್ಲಾಕೋಮಾ ರೋಗಿಗಳಲ್ಲಿ. ಅವರು ಜೀವನಪೂರ್ತಿ, ಕೆಲವರು ದಿನಕ್ಕೆ ಎರಡು ಮೂರು ಬಗೆಯ ಹನಿ ಹಾಕಿಕೊಳ್ಳಬೇಕು. ಬ್ಯಾಕ್ಟೀರಿಯಾದ ಪೊರೆ ಒಡೆಯುವ ಅಣು ಕಣ್ಣಿನ ಮೇಲ್ಪದರದ ಕೋಶಗಳನ್ನೂ ಬಿಡುವುದಿಲ್ಲ. ಕಣ್ಣೀರಿನ ಎಣ್ಣೆಯ ಪದರ ಒಡೆದು, ಕಣ್ಣು ಒಣಗಿ ಮರಳು ಬಿದ್ದಂತೆ ಚುಚ್ಚುತ್ತದೆ. ಉರಿ ತಾಳದೆ ಹನಿ ನಿಲ್ಲಿಸಿದವರ ಕಣ್ಣಿನ ನರ ಸದ್ದಿಲ್ಲದೆ ಸಾಯುತ್ತದೆ. ಬೆಳಕು, ಕಣ್ಣೀರು ತಾಗಿದರೆ ಉಪ್ಪು, ನೀರು, ಆಮ್ಲಜನಕವಾಗಿ ಒಡೆಯುವ ಆಕ್ಸಿಕ್ಲೋರೋ ಸಂಯುಕ್ತದಂಥ ಮೃದು ಪ್ರಿಸರ್ವೇಟಿವ್‌ಗಳೂ ಇವೆ. ಇಂಥವರಿಗೆ ಅವು ನಿಜಕ್ಕೂ ಬೇಕು, ಬೆಲೆಯೇ ಅಡ್ಡಿ.

ಕಾಂಟ್ಯಾಕ್ಟ್ ಲೆನ್ಸ್‌ನಲ್ಲಿ ಸಮಸ್ಯೆಯ ರೂಪ ಬದಲಾಗುತ್ತದೆ. ಮೆತ್ತನೆಯ ಲೆನ್ಸ್ ಬೆಂಜಾಲ್ಕೋನಿಯಂ ಅನ್ನು ಸ್ಪಂಜಿನಂತೆ ಹೀರಿ ದಿನವಿಡೀ ಕಣ್ಣಿಗೆ ಬಿಡುತ್ತದೆ. ಆದ್ದರಿಂದ ಲೆನ್ಸ್ ದ್ರಾವಣಗಳಲ್ಲಿ ಲೆನ್ಸಿನೊಳಗೆ ನುಗ್ಗಲಾರದ ಪಾಲಿಕ್ವಾಟರ್ನಿಯಂ-1ರಂಥ ದೊಡ್ಡ ಅಣುಗಳನ್ನು ಬಳಸುತ್ತಾರೆ. ಶೇ 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿ, ಪ್ಲಾಟಿನಂ ತಟ್ಟೆಯ ನೆರವಿನಿಂದ ಅದು ನೀರಾಗುವವರೆಗೆ ಸುಮಾರು ಆರು ಗಂಟೆ ಕಾಯುವುದು ಇನ್ನೊಂದು ವಿಧಾನ. 2006ರಲ್ಲಿ ಬಾಷ್ ಆ್ಯಂಡ್ ಲಾಂಬ್ ಕಂಪನಿ ತನ್ನ ‘ರೆನ್ಯೂ ವಿತ್ ಮಾಯಿಸ್ಚರ್‌ಲಾಕ್’ ದ್ರಾವಣವನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಅಮೆರಿಕ ಒಂದರಲ್ಲೇ ಫ್ಯುಸೇರಿಯಂ ಸೋಂಕಿನ 164 ಪ್ರಕರಣ ಖಚಿತವಾಗಿದ್ದವು. ಹಳೆಯ ದ್ರಾವಣ ಚೆಲ್ಲದೆ ಅದರ ಮೇಲೆಯೇ ಹೊಸದನ್ನು ಸುರಿಯುವ ಅಭ್ಯಾಸವೂ ಅಪಾಯ ಹೆಚ್ಚಿಸಿತ್ತು. ಲೆನ್ಸ್ ಹಾಕುವ ಹಾಸ್ಟೆಲ್ ವಿದ್ಯಾರ್ಥಿಗಳು ಇದನ್ನು ತಿಳಿಯಬೇಕು. ಲೆನ್ಸ್ ಡಬ್ಬಿಯನ್ನು ಬೋರ್‌ವೆಲ್ ನೀರಿನಲ್ಲಿ ತೊಳೆಯುವುದು ಅದಕ್ಕಿಂತ ಕೆಟ್ಟದ್ದು: ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ತನ್ನ ಕೋಶದ ಸುತ್ತ ಗಟ್ಟಿ ಕವಚ ಕಟ್ಟಿಕೊಂಡರೆ ಸಾಮಾನ್ಯ ಲೆನ್ಸ್ ದ್ರಾವಣಕ್ಕೆ ಸುಲಭವಾಗಿ ಸಾಯುವುದಿಲ್ಲ.

ಆಗಬೇಕಾದ ಕೆಲಸ ಮೆಡಿಕಲ್ ಷಾಪಿನ ಕೌಂಟರಿನಲ್ಲೂ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲೂ ಇದೆ. ಡ್ರಾಪ್ಸ್ ಡಬ್ಬಿಯ ಮೇಲೆ ‘ತೆರೆದ ದಿನ’ ಎಂಬ ಖಾಲಿ ಜಾಗ ಕನ್ನಡದಲ್ಲಿ ಅಚ್ಚಾಗಲಿ, ಅಲ್ಲಿಯವರೆಗೆ ಅಂಗಡಿಯವರು ಪೆನ್ನಿನಲ್ಲಿ ಬರೆದುಕೊಡಲಿ. ಪೊರೆ ಆಪರೇಷನ್ ನಂತರ ಹನಿಗಳನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಾಕಬೇಕಾಗುತ್ತದೆ. ಅಂದರೆ ಚಿಕಿತ್ಸೆ ಮುಗಿಯುವ ಮೊದಲೇ ಮೊದಲ ಬಾಟ್ಲಿಯ ತಿಂಗಳು ತುಂಬಿರಬಹುದು. ಎರಡನೇ ಬಾಟ್ಲಿ ಯಾವಾಗ ತೆರೆಯಬೇಕು, ಉಳಿದದ್ದನ್ನು ಯಾವತ್ತು ಚೆಲ್ಲಬೇಕು ಎಂಬುದನ್ನು ಆ ಚೀಟಿಯಲ್ಲಿಯೇ ದೊಡ್ಡ ಅಕ್ಷರದಲ್ಲಿ ಬರೆದುಕೊಡಬೇಕು.